ಕೊಳೆ ನೀರು ಮೋರಿಗೆ, ತಿಳಿ ನೀರು ಬೇರಿಗೆ

ವಿಶ್ವವಿದ್ಯಾಲಯದ ಹಿಂದಿನ ಗೇಟಿನಿಂದ ಶುರುವಾಗುವ ಬೀದಿ ಅದು. ಗೇಟಿನ ಒಳಗೆ ದೊಡ್ಡ ದೊಡ್ಡ ಮರಗಳು, ಕಾಲಿಟ್ಟರೆ ತಂಪು. ಗೇಟು ದಾಟಿ ಹೊರಗೆ ಬಂದರೆ ತಗಡಿನ ಮಾಡುಗಳ ಸಾಲು, ಬೋಳು ರಸ್ತೆ, ನೆತ್ತಿ ಸುಡುವ ಬಿಸಿಲು. ಮಧ್ಯಾಹ್ನವಾದರೆ ಆ ಬೀದಿಯಲ್ಲಿ ನಾಯಿ ಕೂಡ ಓಡಾಡುತ್ತಿರಲಿಲ್ಲ.

ಆ ಬೀದಿಯಲ್ಲೇ ನೀಲಿಯಕ್ಕನ ಮನೆ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಹಾಸ್ಟೆಲಿನ ಬಿಳಿ ಚಾದರಗಳಿಗೆ ನೀಲಿ ಹಾಕಿ ಹಾಕಿ ಬೆರಳ ತುದಿ ನೀಲಿಯಾಗಿತ್ತು. ಬೀದಿಯವರು ನೀಲಿಯಕ್ಕ ಅಂದರು, ಅದೇ ನಿಂತಿತು. ಒಗೆಯುವುದು ಅವಳ ಕೆಲಸ, ಇಸ್ತ್ರಿ ಗಂಡನ ಕೆಲಸ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಅವನ ಇಸ್ತ್ರಿ ಮೇಜು. ಪಕ್ಕದ ಬಯಲಿನಲ್ಲಿ ಅವಳ ಬಟ್ಟೆ ಒಣಗಿಸುವ ಹಗ್ಗಗಳು. ಮಧ್ಯಾಹ್ನದ ಹೊತ್ತಿಗೆ ಚಾದರ ಒಣಗಬೇಕು, ಆಮೇಲೆ ಇಸ್ತ್ರಿಯಾಗಬೇಕು. ಆದರೆ ಕೋಣೆಯ ಕಿಟಕಿ ಪಡುವಣಕ್ಕೆ. ಇಸ್ತ್ರಿ ಶುರುವಾಗುವ ಹೊತ್ತಿಗೇ ಬಿಸಿಲೂ ನೇರ ಒಳಗೆ ಬರುತ್ತಿತ್ತು. ಕೆಳಗೆ ಕೆಂಡದ ಪೆಟ್ಟಿಗೆ, ಎದುರಿಗೆ ಸೂರ್ಯ, ನಡುವೆ ಆ ಮನುಷ್ಯ.

ಒಂದು ದಿನ ಅವನು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದುಕೊಂಡು ಕುಸಿದು ಕೂತ. ಆ ಬೇಸಿಗೆಯಲ್ಲಿ ಅದು ಎರಡನೇ ಸಲ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡಲಿಲ್ಲ.

“ಮಧ್ಯಾಹ್ನ ಆ ಕೋಣೇಲಿ ನಿಲ್ಲಬೇಡಿ. ಕೋಣೆ ತಂಪು ಮಾಡ್ಕೊಳ್ಳಿ, ಇಲ್ಲಾ ಕೆಲಸ ಬಿಡಿ.”

ಇನ್ನೊಂದು ಕೋಣೆ ಇರಲಿಲ್ಲ. ಇನ್ನೊಂದು ಕೆಲಸ ಅವನಿಗೆ ಬರುತ್ತಿರಲಿಲ್ಲ. ನೀಲಿಯಕ್ಕ ಹಳೇ ಚಾದರ ಒದ್ದೆ ಮಾಡಿ ಕಿಟಕಿಗೆ ಕಟ್ಟಿದಳು. ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಣಗಿ ಗರಿಗರಿಯಾಯಿತು. ಅವಳಿಗೆ ಆಗ ನಿಜವಾಗಿ ಹೆದರಿಕೆಯಾಯಿತು.

ಸುದ್ದಿ ತಿಳಿದು ನಾದಿನಿ ಬಂದಳು. ಗಂಡನ ತಂಗಿ, ವಿಶ್ವವಿದ್ಯಾಲಯದ ಸಸಿ ತೋಟದಲ್ಲಿ ಕೆಲಸ. ಅಣ್ಣನ ಮುಖ ನೋಡಿದಳು, ಕಿಟಕಿ ನೋಡಿದಳು.

“ಅತ್ತಿಗೆ, ಈ ಕಿಟಕಿ ಮುಂದೆ ಒಂದು ಮರ ಬೇಕು. ನಮ್ಮ ವಿಶ್ವವಿದ್ಯಾಲಯದಿಂದ ಈ ಸಲ ಹೊರಗಿನ ಬೀದಿಗಳಿಗೂ ಸಸಿ ಹಾಕ್ತಾ ಇದೀವಿ.”

“ಹೋದ ಸಲಾನೂ ಬಂದಿದ್ರು ಕಣೇ ನಿಮ್ಮೋರು,” ಎಂದಳು ನೀಲಿಯಕ್ಕ. “ಒಂದು ಸಸಿ ಹಿಡ್ಕೊಳ್ಳೋಕೆ ಒಂಬತ್ತು ಜನ. ಭಾಷಣ ಆಯ್ತು, ಫೋಟೊ ಆಯ್ತು. ಅವರು ಆ ಕಡೆ ಹೋದ್ಮೇಲೆ ನೀರು ಹಾಕಿದ್ದು ಯಾರು? ನಾನು. ಒಂದು ದಿನ ತಪ್ಪಿಸಲಿಲ್ಲ. ಆದ್ರೂ ಸತ್ತೋಯ್ತು. ಯಾವುದೋ ರೋಗದ ಸಸಿ ತಂದು ನಮ್ಮ ತಲೆಗೆ ಕಟ್ಟಿದ್ರು.”

“ಆವಾಗಿಂದು ಆರಂಭಶೂರತನ. ನಾನೇನು ಇಲ್ಲ ಅನ್ನಲ್ಲ. ಈಗ ಹಂಗಲ್ಲ ಅತ್ತಿಗೆ. ಒಳಗೆ ತರಗೆಲೆ ಸುಡೋದು ನಿಲ್ಲಿಸಿ ಗೊಬ್ಬರ ಮಾಡ್ತಾ ಇದೀವಿ. ಹಾಸ್ಟೆಲಿನ ಸ್ನಾನದ ನೀರು ಸೋಸಿ ಹುಲ್ಲಿಗೆ ಬಿಡ್ತೀವಿ. ಹೊರಗೆ, ನೋಡ್ಕೊಳ್ತೀನಿ ಅಂತ ಒಪ್ಪಿದೋರ ಮನೆ ಮುಂದೆ ಮಾತ್ರ ಸಸಿ. ಮೂರು ವರ್ಷ ವಾರಕ್ಕೊಂದು ಸಲ ನಾವು ಬಂದು ನೋಡ್ಬೇಕು. ಸತ್ರೆ ಯಾಕೆ ಸತ್ತಿತು ಅಂತ ಹುಡುಕಿ, ಇನ್ನೊಂದು ತಂದು ಹಾಕ್ಬೇಕು.”

“ಆಯ್ತಮ್ಮ, ಬೆಳೀತು ಅಂತಾನೇ ಇಟ್ಕೋ. ನೆರಳು ನನ್ನ ಹಗ್ಗದ ಮೇಲೆ ಬಿದ್ರೆ ಚಾದರ ಒಣಗೋದು ಯಾವಾಗ? ನಿಮ್ಮಣ್ಣನಿಗೆ ನೆರಳು ಕೊಟ್ಟು ಹೊಟ್ಟೆಗೆ ಏನು ಕೊಡ್ತೀಯ?”

ನಾದಿನಿ ವಾದಕ್ಕೆ ನಿಲ್ಲಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ತನ್ನ ಅತ್ತಿಗೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ರಜೆಯ ದಿನ ಬೆಳಿಗ್ಗೆಯೇ ಬಂದು, ಹಗ್ಗಕ್ಕೆ ಆಸರೆ ಕೊಡುವ ಬಿದಿರಿನ ಗಳವೊಂದನ್ನು ಕಿಟಕಿಯ ಮುಂದೆ ನೆಟ್ಟಳು. ಅದರ ತುದಿಗೆ ಒಂದು ಹಳೇ ಬುಟ್ಟಿ ಕಟ್ಟಿದಳು.

“ಇದೇ ಮರ ಅಂದ್ಕೊಳ್ಳಿ. ನೆರಳು ಎಲ್ಲಿ ಬೀಳುತ್ತೆ ಅಂತ ನೀವೇ ನೋಡಿ. ನನ್ನ ಮಾತು ನಂಬಬೇಡಿ.”

ನೀಲಿಯಕ್ಕ ಒಗೆಯುತ್ತಾ ನೋಡಿದಳು, ಹಿಂಡುತ್ತಾ ನೋಡಿದಳು. ಗೆಲ್ಲುವುದು ತಾನೇ ಎಂಬ ಧೈರ್ಯ ಅವಳಿಗೆ. ಬೆಳಿಗ್ಗೆ ಬುಟ್ಟಿಯ ನೆರಳು ರಸ್ತೆಯ ಮೇಲೆ ಬಿತ್ತು. ನಡುಮಧ್ಯಾಹ್ನ ಗಳದ ಬುಡದಲ್ಲೇ ಮುದುಡಿತು. ಚಾದರಗಳು ಒಣಗಿ ಒಳಗೆ ಬಂದ ಮೇಲೆ ಮೆಲ್ಲಗೆ ಗೋಡೆ ಹತ್ತಿ ಕಿಟಕಿಯ ಮೇಲೆ ಕೂತಿತು. ಒಳಗಿದ್ದ ಗಂಡ, “ಏ, ಇಲ್ಲಿ ನೋಡೇ, ಬುಟ್ಟಿಯಷ್ಟಗಲ ತಂಪಾಗಿದೆ,” ಎಂದು ನಕ್ಕ. ಹಗ್ಗದ ಕಡೆಗೆ ನೆರಳು ಸುಳಿಯಲೇ ಇಲ್ಲ.

ತನ್ನದೇ ಗಳಕ್ಕೆ ಸೋತ ನೀಲಿಯಕ್ಕ ಅದನ್ನು ಕಿತ್ತು ಮತ್ತೆ ಹಗ್ಗಕ್ಕೆ ಆಸರೆ ಕೊಟ್ಟಳು. ಆಮೇಲೆ ಅಂದಳು: “ನೇರಳೆ ಗೀರಳೆ ತಂದೀಯ ಮತ್ತೆ. ಒಂದು ಹಕ್ಕಿ ಹಣ್ಣು ತಿಂದು ನನ್ನ ಚಾದರದ ಮೇಲೆ ಕೂತ್ರೆ ಮುಗೀತು.”

“ಹೊಂಗೆ ತರ್ತೀನಿ ಅತ್ತಿಗೆ. ಕರೆ ಕಟ್ಟೋ ಹಣ್ಣಿಲ್ಲ, ಬೇಗ ಬೆಳೆಯುತ್ತೆ, ನೆರಳು ದಟ್ಟ.”

ಮಳೆ ಶುರುವಾಗುವ ಹೊತ್ತಿಗೆ ಸಸಿ ಬಂತು. ಜೊತೆಗೆ ಸಸ್ಯಶಾಸ್ತ್ರ ಕಲಿಸುವ ಮೇಡಂ ಬಂದರು. ಭಾಷಣವಿಲ್ಲ, ಫೋಟೊ ಇಲ್ಲ. ಮೊಣಕಾಲುದ್ದ ಗುಂಡಿ ತೋಡಿಸಿ, ತರಗೆಲೆಯ ಗೊಬ್ಬರ ಹಾಕಿಸಿ, ಪ್ಲಾಸ್ಟಿಕ್ ಚೀಲ ಬಿಡಿಸಿ, ಬೇರು ಅಲುಗದ ಹಾಗೆ ಸಸಿ ಇಳಿಸಿದರು. ಸುತ್ತ ಬೇಲಿ ಕಟ್ಟಿಸಿದರು. “ಮಳೆ ಇಲ್ಲದ ದಿನ ಒಂದು ಬಕೆಟ್ ನೀರು ಸಾಕು,” ಎಂದು ಹೇಳಿ ಹೋದರು.

ಮಳೆ ನಿಂತ ಸ್ವಲ್ಪ ದಿನಕ್ಕೆ ಎಲೆಗಳ ಅಂಚು ಕಂದಿತು. ಆಮೇಲೆ ಒಂದೊಂದಾಗಿ ಉದುರತೊಡಗಿದವು. ವಾರದ ಭೇಟಿಗೆ ನಾದಿನಿ ಬಂದಾಗ ನೀಲಿಯಕ್ಕ ಬಾಗಿಲಲ್ಲೇ ಕಾದಿದ್ದಳು.

“ನಾನು ಹೇಳಿರಲಿಲ್ವಾ? ಇದೂ ರೋಗದ್ದೇ.”

ನಾದಿನಿ ಬುಡದ ಮಣ್ಣು ಕೆದಕಿ ಮೂಸಿ ನೋಡಿದಳು. “ಅತ್ತಿಗೆ, ಯಾವ ನೀರು ಹಾಕ್ತೀರ?”

“ಒಳ್ಳೆ ನೀರೇ ಹಾಕ್ತೀನಿ. ಚಾದರ ನೆನೆಸಿದ್ದು. ಬ್ಲೀಚಿಂಗ್ ಪುಡಿ ಇರುತ್ತೆ, ಸೋಡಾ ಇರುತ್ತೆ. ಬಟ್ಟೇಲಿರೋ ಕೊಳೇನೇ ಹೋಗುತ್ತೆ ಅಂದ್ಮೇಲೆ, ಗಿಡಕ್ಕೆ ಹುಳ ಹತ್ತುತ್ತಾ?”

ನಾದಿನಿ ತಲೆ ಎತ್ತಲಿಲ್ಲ. ಮೆಲ್ಲಗೆ ಹೇಳಿದಳು: “ಬ್ಲೀಚಿಂಗ್ ಬೇರನ್ನ ಸುಡುತ್ತೆ ಅತ್ತಿಗೆ. ಸೋಡಾ ಮಣ್ಣನ್ನ ಕೆಡಿಸುತ್ತೆ.”

ಮಾತಿನಲ್ಲಿ ಯಾರಿಗೂ ಸೋಲದ ನೀಲಿಯಕ್ಕ ಹೊಸ್ತಿಲ ಮೇಲೆ ಕೂತಳು. ಅವಳಿಗೆ ಹಳೆಯ ಸಸಿ ನೆನಪಾಗಿತ್ತು. ಒಂದು ದಿನವೂ ತಪ್ಪಿಸದೆ ನೀರು ಹಾಕಿದ್ದು ನೆನಪಾಗಿತ್ತು.

“ಹಂಗಾದ್ರೆ ಅದನ್ನ ಕೊಂದಿದ್ದು ನಾನೇನಾ?”

ಮಾರನೆಯ ದಿನ ಮೇಡಂ ಬಂದರು. ಅವಳ ಪಕ್ಕದಲ್ಲೇ ಹೊಸ್ತಿಲ ಮೇಲೆ ಕೂತರು. “ನೀವು ಪ್ರೀತಿಯಿಂದ ಹಾಕಿದ್ದು ಕಣಮ್ಮ. ಸಸಿ ಕೊಟ್ಟೋರು ನಾವು, ಯಾವ ನೀರು ಅಂತ ಹೇಳದೇ ಹೋದೋರೂ ನಾವೇ. ಈ ಸಲಾನೂ ಹೇಳಲಿಲ್ಲ ನೋಡಿ. ಇದು ಬದುಕದಿದ್ರೆ ಇನ್ನೊಂದು ತರ್ತೀವಿ.”

“ಇನ್ನೊಂದು ಬೇಡ,” ಎಂದಳು ನೀಲಿಯಕ್ಕ. “ಇದೇ ಬದುಕಬೇಕು. ಏನು ಮಾಡ್ಬೇಕು ಹೇಳಿ.”

ಬುಡದ ಮೇಲ್ಮಣ್ಣು ಹುಷಾರಾಗಿ ತೆಗೆದರು. ಬಕೆಟ್ಟುಗಟ್ಟಲೆ ಒಳ್ಳೆಯ ನೀರು ಬಿಟ್ಟು ಮಣ್ಣು ತೊಳೆದರು. ಹೊಸ ಗೊಬ್ಬರ ಹಾಕಿ, ಮೇಲೆ ತರಗೆಲೆ ಹೊದಿಸಿದರು. ಅಲ್ಲಿಂದ ಮುಂದೆ ನೆನೆಸಿದ ನೀರು, ಸೋಪಿನ ನೀರು, ನೀಲಿ ನೀರು ಎಲ್ಲ ಮೋರಿಗೆ ಹೋಯಿತು. ನೀಲಿ ಹಾಕುವ ಮುಂಚೆ ಕೊನೆಯದಾಗಿ ಬಟ್ಟೆ ಜಾಲಿಸಿದ ತಿಳಿ ನೀರು ಮಾತ್ರ ಸಸಿಗೆ. ಮಳೆ ನೀರು ಸಿಕ್ಕರೆ ಅದೇ ಮೇಲು.

ಕಾಯುವುದು ಅಷ್ಟು ಸುಲಭವಾಗಿರಲಿಲ್ಲ. ಸಸಿ ಒಂದು ಬರೀ ಕಡ್ಡಿಯಾಗಿ ನಿಂತಿತ್ತು. ದಾರಿಯಲ್ಲಿ ಹೋಗುವವರು, “ಕಡ್ಡಿಗೆ ನೀರು ಹಾಕ್ತೀಯಲ್ಲೇ,” ಎಂದು ಕಿಚಾಯಿಸಿದರು. ಅವಳು ಹಾಕುತ್ತಲೇ ಇದ್ದಳು. ಒಂದು ಬೆಳಿಗ್ಗೆ ಗಂಡ ಕಿಟಕಿಯಿಂದ ಕೂಗಿದ. ಕಡ್ಡಿಯ ಪಕ್ಕದಲ್ಲಿ ತಾಮ್ರದ ಬಣ್ಣದ ಚಿಗುರು, ಉಗುರಿನಷ್ಟು. ನೀಲಿಯಕ್ಕ ಒದ್ದೆ ಕೈಯಲ್ಲೇ ಓಡಿಬಂದಳು. ಮುಟ್ಟಲು ಹೋಗಿ, ಬ್ಲೀಚಿಂಗ್ ಕೈ ಎಂದು ನೆನಪಾಗಿ, ಸೆರಗಿಗೆ ಒರೆಸಿಕೊಂಡು ಬಗ್ಗಿ ನೋಡಿದಳು. ಸಂತೋಷಕ್ಕೆ ಕಣ್ಣು ತುಂಬಿತ್ತು.

ಆ ಚಿಗುರಿಗೆ ಈಗ ನಾಲ್ಕು ಬೇಸಿಗೆ. ಅಷ್ಟು ದಿನ ಗಂಡ ಬಿಸಿಲಿಳಿದ ಮೇಲೆ ದೀಪ ಹಾಕಿಕೊಂಡು ಇಸ್ತ್ರಿ ಮಾಡಿದ್ದೂ ಉಂಟು, ಕೆಲಸ ಅರ್ಧಕ್ಕೆ ನಿಂತದ್ದೂ ಉಂಟು. ಈಗ ಮರ ಕಿಟಕಿ ದಾಟಿ ಮಾಡಿಗೆ ತಲೆ ತಾಗಿಸಿದೆ. ಅವನು ಮಧ್ಯಾಹ್ನ ಕಿಟಕಿ ಪೂರ್ತಿ ತೆರೆದು ಇಸ್ತ್ರಿ ಮಾಡುತ್ತಾನೆ, ಗುನುಗುತ್ತಾನೆ ಕೂಡ. ಡಾಕ್ಟರಮ್ಮ ಆ ದಾರಿಯಲ್ಲಿ ಬಂದರೆ ಮರದ ಕೆಳಗೆ ಗಾಡಿ ನಿಲ್ಲಿಸುತ್ತಾರೆ. ಹಕ್ಕಿಗಳೂ ಬಂದಿವೆ. ಆಗೊಮ್ಮೆ ಈಗೊಮ್ಮೆ ಒಂದು ಚಾದರ ಎರಡನೇ ಸಲ ಒಗೆಯಬೇಕಾಗುತ್ತದೆ. “ಬಾಡಿಗೆ ಕೊಡದೇ ಇರೋರ ಕಾಟ ಇದು,” ಎಂದು ಗೊಣಗಿಕೊಂಡೇ ನೀಲಿಯಕ್ಕ ಒಗೆಯುತ್ತಾಳೆ.

ಬೀದಿಯಲ್ಲಿ ಈಗ ಮನೆಗೊಂದು ಸಸಿ ಇದೆ. ಯಾರಾದರೂ ಹೊಸದಾಗಿ ನೆಟ್ಟರೆ ಮೇಡಂ ಬರುವ ಮೊದಲೇ ನೀಲಿಯಕ್ಕ ಹಾಜರು. ಬೆರಳೆತ್ತಿ ಒಂದೇ ಮಾತು ಹೇಳುತ್ತಾಳೆ: “ಕೊಳೆ ನೀರು ಮೋರಿಗೆ, ತಿಳಿ ನೀರು ಬೇರಿಗೆ.”

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮಧ್ಯಾಹ್ನದ ಬಿಸಿಲಿಗೆ ಸುಡುವ ಒಂದು ಕಿಟಕಿ ಇರಬಹುದು. ಅದರ ಮುಂದೆ ಒಂದು ಗಳ ನೆಟ್ಟು, ನೆರಳು ಎಲ್ಲಿ ಬೀಳುತ್ತದೆ ಎಂದು ಒಂದು ದಿನ ನೋಡಿ. ನಿಮ್ಮೂರಿನ ವಿಶ್ವವಿದ್ಯಾಲಯದಲ್ಲೋ ಕಾಲೇಜಿನಲ್ಲೋ ಸಸಿ ಕೊಡುತ್ತಾರಾ ಎಂದು ವಿಚಾರಿಸಿ. ಕೊಟ್ಟರೆ, ಯಾವ ನೀರು, ಎಷ್ಟು ನೀರು ಎಂದು ನಾಚಿಕೆಯಿಲ್ಲದೆ ಕೇಳಿ. ನೆಟ್ಟ ಸಸಿ ಬಾಡಿದರೆ ಹಣೆಬರಹ ಎಂದು ಕೈ ಬಿಡಬೇಡಿ, ಯಾಕೆ ಬಾಡಿತು ಎಂದು ತಿಳಿದುಕೊಳ್ಳಿ. ನೀಲಿಯಕ್ಕನ ಮೊದಲ ಸಸಿ ಸತ್ತದ್ದು ಪ್ರೀತಿಯಿಲ್ಲದೆ ಅಲ್ಲ, ತಿಳಿಯದೆ. ಈಗ ನಿಮಗೆ ತಿಳಿದಿದೆ. ನಾಳೆ ಬಟ್ಟೆ ಒಗೆದ ಮೇಲೆ ಜಾಲಿಸಿದ ಕೊನೆಯ ಬಕೆಟ್ ತಿಳಿ ನೀರು ಚೆಲ್ಲಬೇಡಿ.