ಮೊದಲ ತುತ್ತು

ಕೆಳಗೆ ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆ ಉಸ್ಸೆನ್ನುತ್ತದೆ, ಮತ್ತೆ ಉಸ್ಸೆನ್ನುತ್ತದೆ, ಕೆಲಸದ ರಹ್ಮತ್ ಯಾರದೋ ಬಿಳಿ ದಿಶ್‌ದಾಶಾಕ್ಕೆ, ಅರಬರ ಉದ್ದ ನಿಲುವಂಗಿಗೆ, ಹಬೆ ಕೊಡುತ್ತಿದ್ದಾನೆ, ಆ ಸದ್ದು ಮಹಡಿಯ ಅಡಿಗೆಮನೆಯ ಕಿಟಕಿಯವರೆಗೂ ಬರುತ್ತದೆ, ಸುಂದರಿಯ ಕೈಯಲ್ಲಿ ಬಂಗುಡೆ, ಬಂಗುಡೆಯ ಬಾಯಿ ತೆರೆದಿದೆ — ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತದೆ, ತೆರೆದ ಬಾಯಿ, ತುತ್ತಿಗೆ ಕಾದ ಬಾಯಿ, ಥೂ, ಮೀನಿಗೆಲ್ಲಿಯ ತುತ್ತು, ತಲೆ ಕತ್ತರಿಸಿ ಆಚೆ ಹಾಕಿದರಾಯಿತು. ಗಡಿಯಾರದಲ್ಲಿ ಹನ್ನೊಂದು, ಹಾಗಾದರೆ ಅಲ್ಲಿ ಎಂಟು, ಸ್ಕಾಟ್ಲೆಂಡ್ ನಮಗಿಂತ ಮೂರು ಗಂಟೆ ಹಿಂದೆ, ಅಲ್ಲಿಯ ಪಾರ್ಲಿಮೆಂಟಿಗೆ ಇವತ್ತು ಓಟು, ಏಳಕ್ಕೇ ಶುರುವಾಗಿರುತ್ತದೆ, ಆ ಮೀನುಬಂದರಿನ ಊರಿಗಿರುವುದು ಒಂದೇ ಒಂದು ಸೀಟು, ನಿಂತವರು ಐದು ಮಂದಿ, ಅದರಲ್ಲಿ ಮೂವರು ಸುಂದರಿಯ ಲೆಕ್ಕಕ್ಕಿಲ್ಲ, ಯಾರೋ ಏನೋ, ದೇವರು ಅವರಿಗೂ ಒಳ್ಳೆಯದು ಮಾಡಲಿ, ಉಳಿದ ಇಬ್ಬರಲ್ಲಿ ಒಬ್ಬಳು ಅವಳ ಹೊಟ್ಟೆಯಲ್ಲಿ ಹುಟ್ಟಿದ ಅಕ್ಷಿತಾ, ಇನ್ನೊಬ್ಬ ಅವಳ ಕೈಯಲ್ಲಿ ಉಂಡು ಬೆಳೆದ ಫರ್ಗಸ್. ಒಮಾನಿನ ಸುವೈಕಿನ ಈ ಅಡಿಗೆಮನೆಯಲ್ಲಿ ನಿಂತು ಯಾರು ಗೆಲ್ಲಲಿ ಎಂದು ಬೇಡಿಕೊಳ್ಳುವುದು, ಮಗಳೇ, ಮಗಳಲ್ಲದೆ ಇನ್ಯಾರು, ಇದರಲ್ಲಿ ಯೋಚಿಸುವುದೇನಿದೆ, ಆದರೂ ದೀಪ ಹಚ್ಚುವಾಗ ಬೆಳಿಗ್ಗೆ ಬಾಯಿಂದ ಬಂದದ್ದು ಮಕ್ಕಳಿಗೆ ಒಳ್ಳೆಯದಾಗಲಿ ಎಂದು, ಮಕ್ಕಳಿಗೆ, ಎರಡಕ್ಕೂ. ಅಲ್ಲಿ ಒಬ್ಬೊಬ್ಬರಿಗೆ ಎರಡೆರಡು ಚೀಟಿ ಕೊಡುತ್ತಾರಂತೆ, ಎರಡು ಬಣ್ಣದ್ದು, ಅದನ್ನು ಕೇಳಿದಾಗ ಸುಂದರಿಗೆ ಎಷ್ಟು ಸಮಾಧಾನವಾಗಿತ್ತೆಂದರೆ, ಹಾಗಾದರೆ ಒಂದು ನಿನಗೆ ಒಂದು ಅವನಿಗೆ ಹಾಕಲಿ ಎಂದುಬಿಟ್ಟಿದ್ದಳು, ಅಕ್ಷಿ ನಕ್ಕು, ಇಲ್ಲ ಅಮ್ಮ, ಒಂದು ಆಳಿಗೆ, ಇನ್ನೊಂದು ಪಾರ್ಟಿಗೆ, ಆಳು ಒಬ್ಬರೇ ಗೆಲ್ಲುವುದು ಎಂದಿದ್ದಳು. ಆಗ ಇನ್ನೂ ನಗುತ್ತಿದ್ದಳು. ಆಗ ಅವಳು ವಿಡಿಯೋ ನೋಡಿರಲಿಲ್ಲ.

ಆ ವಿಡಿಯೋ. ಫರ್ಗಸ್‌ನ ತಾಯಿ, ಮೇಡಂ, ಫೋನು ಮಾಡಿದ್ದರಿಂದ ಶುರುವಾದದ್ದು, ಅಲ್ಲ, ಅದಕ್ಕೂ ಎಷ್ಟೋ ಹಿಂದೆ, ಮಸ್ಕತ್ತಿನ ಕುರುಮ್‌ನಲ್ಲಿ, ಗಂಡ ಬೋಜ ಆಗ ಎಣ್ಣೆ ಕಂಪನಿಯ ಸ್ಕಾಟ್ಲೆಂಡ್ ಸಾಹೇಬರ ಕಾರು ಓಡಿಸುತ್ತಿದ್ದ, ಮೇಡಂಗೆ ಮಗು ನೋಡಿಕೊಳ್ಳಲು ಜನ ಬೇಕಾಗಿತ್ತು, ಬೋಜ, ನಿನ್ನ ಹೆಂಡತಿ ಬರಲಿ, ಮಗಳನ್ನೂ ಕರೆದುಕೊಂಡು ಬರಲಿ, ಎರಡೂ ಒಟ್ಟಿಗೆ ಬೆಳೆಯಲಿ ಎಂದಿದ್ದರು, ಒಳ್ಳೆಯ ಹೆಂಗಸು, ಇಲ್ಲ ಎಂದರೆ ನಾಲಗೆ ಬಿದ್ದುಹೋದೀತು. ಫರ್ಗಸ್‌ಗೆ ಎಂಟು ತುಂಬಿದಾಗ ಅವರು ಊರಿಗೆ ಹೋದರು, ಬೋಜ ಇಲ್ಲಿಗೆ ಬಂದು ಲಾಂಡ್ರಿ ಹಾಕಿದ, ಅಕ್ಷಿ ನರ್ಸಿಂಗ್ ಓದಿ ಸುತ್ತಿ ಸುತ್ತಿ ಅವರದೇ ಊರಿನ ಆಸ್ಪತ್ರೆ ಸೇರಿದಳು, ಅಷ್ಟು ದೊಡ್ಡ ಲೋಕದಲ್ಲಿ ಬೇರೆ ಊರು ಸಿಗಲಿಲ್ಲವೇ ಎಂದರೆ, ಸಣ್ಣಂದಿನಿಂದ ಆ ಒಂದು ಊರಿನ ಹೆಸರೇ ಅಲ್ವಾ ಅಮ್ಮ ಕೇಳಿದ್ದು ಎಂದಿದ್ದಳು. ಅಂಥ ಮೇಡಂ ಈ ಸಲ ರಂಜಾನಿನಲ್ಲಿ ಒಂದು ದಿನ ವಿಡಿಯೋ ಕಾಲ್ ಮಾಡುತ್ತಾರೆ, ತಲೆ ಪೂರ್ತಿ ಬೆಳ್ಳಗೆ, ಫರ್ಗಸ್ ಎಲೆಕ್ಷನ್ನಿಗೆ ನಿಂತಿದ್ದಾನೆ ಸುಂದ್ರಿ, ಚಿಕ್ಕಂದಿನ ಬಗ್ಗೆ ಎರಡು ಮಾತು ಹೇಳಿ ಕಳಿಸು ಎನ್ನುತ್ತಾರೆ. ಯಾವ ಎಲೆಕ್ಷನ್, ಯಾರ ಎದುರು — ಕೇಳಬೇಕಿತ್ತು, ಕೇಳಲಿಲ್ಲ, ಇಂಡಿಯನ್ ಸ್ಕೂಲಿನ ಪೇರೆಂಟ್ಸ್ ಕಮಿಟಿಯ ಹಾಗೆ ಏನೋ ಇರಬೇಕು ಎಂದುಕೊಂಡಳು, ಊರಿನ ಮದುವೆಗೆ ಹೋಗಲಾಗದವರು ಇಲ್ಲಿಂದ ವಿಡಿಯೋ ಮಾಡಿ ಶುಭಾಶಯ ಕಳಿಸುವುದಿಲ್ಲವೇ, ಇದೂ ಹಾಗೇ ಒಂದು, ಹಸಿರು ಸೀರೆ ಉಟ್ಟು, ಫ್ರಿಜ್ಜಿನ ಎದುರು ನಿಂತು, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಹಿ ಗುಡ್ ಬಾಯ್, ಐ ಗಿವ್ ಫುಡ್ ಫಸ್ಟ್ ಹಿಮ್, ಆಫ್ಟರ್ ಮೈ ಡಾಟರ್. ಎಷ್ಟು ಖುಷಿಯಲ್ಲಿ ಹೇಳಿದ್ದಳು. ಬೋಜನೇ ಫೋನು ಹಿಡಿದುಕೊಂಡಿದ್ದ.

ಅಕ್ಷಿಯಾದರೂ ಮೊದಲೇ ಹೇಳಬಾರದಿತ್ತೇ, ತಪ್ಪು ಅವಳದ್ದೂ ಇದೆ, ಇಲ್ಲ, ಅವಳದ್ದೇನು ತಪ್ಪು, ಈ ಮನೆಯಲ್ಲಿ ಯಾರು ಯಾವತ್ತು ಅಂಥ ಮಾತು ಆಡಿದ್ದಾರೆ, ಬೋಜನಿಗೆ ಎಲೆಕ್ಷನ್, ಸರಕಾರ, ಪಾರ್ಟಿ ಎಂಬ ಶಬ್ದಗಳು ಕಿವಿಗೆ ಬಿದ್ದರೆ ಸಾಕು, ಊರಿನ ಪಂಚಾಯತಿನ ಸುದ್ದಿಯಾದರೂ ಸರಿ, ಎದ್ದು ಕಿಟಕಿ ಮುಚ್ಚುತ್ತಾನೆ, ಟಿವಿಯ ಸದ್ದು ಜಾಸ್ತಿ ಮಾಡುತ್ತಾನೆ, ನಾವು ಬಂದದ್ದು ದುಡಿಯಲಿಕ್ಕೆ, ಆ ವಿಷಯ ನಮಗೆ ಬೇಡ, ಖಲಾಸ್, ಮೂವತ್ತು ವರ್ಷದಿಂದ ಇದೇ ಮಂತ್ರ, ಗಲ್ಫಿಗೆ ಬಂದವರೆಲ್ಲ ಹೀಗೆ ಬದುಕುವವರೇ, ಅದಕ್ಕೇ ಹುಡುಗಿ ಬಾಯಿ ಬಿಟ್ಟಿರಲಿಲ್ಲ, ಹೆಸರು ಗಟ್ಟಿಯಾದ ಮೇಲೆ ಹೇಳಿದಳು, ಹೆರಿಗೆ ವಾರ್ಡು ಮುಚ್ಚುತ್ತಿದ್ದಾರೆ ಅಪ್ಪ, ಹೆಂಗಸರು ನೋವು ತಿನ್ನುತ್ತಾ ಎರಡು ಗಂಟೆ ಆಂಬುಲೆನ್ಸಿನಲ್ಲಿ ಹೋಗಬೇಕು, ನಾನು ಕಂಡಿದ್ದೇನೆ, ಅದಕ್ಕೆ ನಿಂತೆ. ಬೋಜ ಎದ್ದು ಕಿಟಕಿ ಮುಚ್ಚಿದ. ನಮ್ಮ ಪಾಸ್‌ಪೋರ್ಟೇ ಇಟ್ಟುಕೊಂಡು ಅಲ್ಲಿ ನಿಲ್ಲಲಿಕ್ಕೆ ಬಿಡ್ತಾರಾ ಎಂದು ಪಿಸುಗುಟ್ಟಿದ, ಬಿಡ್ತಾರೆ ಅಪ್ಪ, ಅಲ್ಲಿಯ ಕಾನೂನೇ ಹಾಗೆ ಎಂದಳು ಅವಳು, ಎರಡು ದಿನ ಬಿಟ್ಟು ಕಫೀಲ್, ಇವರ ವೀಸಾಕ್ಕೆ ಜವಾಬ್ದಾರರಾದ ಅರಬ್ಬಿ, ದಿಶ್‌ದಾಶಾ ಒಯ್ಯಲು ಬಂದವರು, ಎಲ್ಲಿಂದ ಕೇಳಿದ್ದರೋ, ಮಬ್ರೂಕ್ ಬೋಜ, ಮಗಳು ದೊಡ್ಡ ಹೆಜ್ಜೆ ಇಟ್ಟಳು ಎಂದು ಬೆನ್ನು ತಟ್ಟಿದರು, ಅವತ್ತಿನಿಂದ ಅವನಿಗೆ ಹೆದರುವುದೋ ಹೆಮ್ಮೆಪಡುವುದೋ ಎಂದೇ ತಿಳಿಯುತ್ತಿಲ್ಲ, ಒಂದು ದಿನ ಅದು, ಒಂದು ದಿನ ಇದು. ಎದುರಿಗೆ ನಿಂತವರಲ್ಲಿ ಫರ್ಗಸ್‌ನೂ ಇದ್ದಾನೆ ಎಂದು ಅಕ್ಷಿ ಹೇಳಿದಾಗ ಸುಂದರಿಗೆ ತನ್ನ ಹಸಿರು ಸೀರೆ ನೆನಪಾಯಿತು, ಹೇಳಿಬಿಡಬೇಕು ಎನಿಸಿತು, ಆದರೆ ಮೇಡಂ ಮನೆಯವರಿಗೆಂದು ಕೇಳಿದ್ದಿರಬಹುದು, ಫ್ರಿಜ್ಜಿನ ಎದುರು ನಿಂತವಳ ಮುರುಕು ಇಂಗ್ಲಿಷು ಯಾರಿಗೆ ಬೇಕು, ಎಂದು ನುಂಗಿಕೊಂಡಳು. ಅಲ್ಲಿಯೇ ತಪ್ಪಿದ್ದು.

ಶನಿವಾರ ಪಕ್ಕದ ಮನೆಯ ಮೈಮುನಾ ಫೋನಿನಲ್ಲಿ ಫರ್ಗಸ್‌ನ ಪಾರ್ಟಿಯವರ ವಿಡಿಯೋ ಹಿಡಿದು ಓಡಿಬಂದಳು, ಸುಂದರಿಯಕ್ಕ, ಇದು ನೀವಲ್ವಾ, ಹಸಿರು ಸೀರೆ, ಫ್ರಿಜ್ಜು, ಹಿ ಗುಡ್ ಬಾಯ್, ಕೆಳಗೆ ಎಂಥದೋ ದೊಡ್ಡ ಅಕ್ಷರ, ಮೈಮುನಾ ಓದಿ ಹೇಳಿದಳು, ಅವನ ಎದುರಾಳಿಯ ತಾಯಿಯೇ ಅವನಿಗೆ ಮೊದಲು ಉಣಿಸಿದವಳು. ಆ ಮಾತು ಬರೆದವರಿಗೆ ಕೈಯಾದರೂ ಹೇಗೆ ಬಂತು, ಬರೆದದ್ದು ಸುಳ್ಳೂ ಅಲ್ಲವಲ್ಲ. ಭಾನುವಾರ ಅಕ್ಷಿಯ ಕಾಲ್, ಬೈದಿದ್ದರೆ ಒಳ್ಳೆಯದಿತ್ತು, ಅತ್ತಿದ್ದರೆ ಇನ್ನೂ ಒಳ್ಳೆಯದಿತ್ತು, ರೋಗಿಯನ್ನು ಮಾತಾಡಿಸುವ ಹಾಗೆ ಮೆಲ್ಲಗೆ, ಅಮ್ಮ, ಒಂದೇ ಪ್ರಶ್ನೆ, ನೀನು ಹೇಳಿದ್ದು ಸತ್ಯವಾ, ಅವನಿಗೆ ಮೊದಲಾ, ನನಗೆ ನೆನಪುಂಟು, ಆದರೂ ನಿನ್ನ ಬಾಯಿಂದ ಕೇಳಬೇಕು. ಸುಂದರಿ ಏನೆಂದಳು, ಒಲೆಯಲ್ಲಿ ಪದಾರ್ಥ ಉಂಟು, ಆಮೇಲೆ ಮಾಡ್ತೇನೆ ಎಂದಳು, ಒಲೆಯಲ್ಲಿ ಏನೂ ಇರಲಿಲ್ಲ, ಆಮೇಲೆ ಮಾಡಲೂ ಇಲ್ಲ. ಮಂಗಳವಾರ ವಾಯ್ಸ್ ಮೆಸೇಜಿನಲ್ಲಿ ಫರ್ಗಸ್‌ನ ದನಿ, ಸುಂದ್ರಿ, ಪಾರ್ಟಿಯವರು ಆ ಸಾಲು ಹಾಕಿದ್ದು ನನಗೆ ಗೊತ್ತಿರಲಿಲ್ಲ, ನೀನು ಒಂದು ಮಾತು ಹೇಳು, ತೆಗೆಸುತ್ತೇನೆ — ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದನೋ, ಸಣ್ಣವನಿದ್ದಾಗ ಸುಳ್ಳು ಹೇಳಿದರೆ ಮೂಗು ಕೆಂಪಾಗುತ್ತಿತ್ತು, ದನಿಯಲ್ಲಿ ಮೂಗು ಕಾಣುವುದಿಲ್ಲ. ತೆಗಿ ಎನ್ನಲು ಹೊರಟರೆ, ಅವನು ಅವಳಿಗೂ ಹೇಳಿದ್ದನೋ ಏನೋ, ಅಕ್ಷಿಯ ಮೆಸೇಜು, ತೆಗೆಸಬೇಡ, ನಾನೇ ಅಮ್ಮನನ್ನು ಹೆದರಿಸಿ ತೆಗೆಸಿದೆ ಅಂತಾರೆ, ಅದು ಇರಲಿ, ನನಗೆ ಉತ್ತರ ಕೊಡು ಸಾಕು. ಇವತ್ತು ಬೆಳಿಗ್ಗೆ ಇನ್ನೊಂದು, ನಿಮ್ಮ ಊಟದ ಹೊತ್ತಿಗೆ ಕಾಲ್ ಮಾಡ್ತೇನೆ. ಸೋತರೆ ಸೋಲಲಿ, ಮುಂದಿನ ಸಲ ನಿಂತಾಳು, ಆದರೆ ಇದೊಂದು ಮಾತಿಗೆ ಮಗಳು ತಾಯಿಯ ಕಡೆಯಿಂದ ಎದ್ದು ಹೋದರೆ ಮತ್ತೆ ಯಾವ ಓಟಿನಿಂದ ಅವಳನ್ನು ತರುವುದು.

ಹೌದು ಮಗಾ, ಸತ್ಯ, ಎನ್ನಬೇಕು, ಆಮೇಲೆ ವಿವರಿಸಬೇಕು, ಮೀನಿಗೆ ಖಾರ ಹಚ್ಚುತ್ತಾ ಸುಂದರಿ ಆ ವಿವರವನ್ನು ಹುಡುಕುತ್ತಾಳೆ, ಎಲ್ಲಿಟ್ಟಿದ್ದೇನೆ, ಕುರುಮ್‌ನ ಆ ಅಡಿಗೆಮನೆ, ತಣ್ಣನೆಯ ನೆಲ, ಫರ್ಗಸ್‌ಗೆ ಮೂರು ವರ್ಷ, ಚಮಚದಲ್ಲಿ ಕೊಟ್ಟದ್ದನ್ನೆಲ್ಲ ಉಗಿಯುವವನು ಒಂದು ಮಧ್ಯಾಹ್ನ ಅಕ್ಷಿಗೆ ಗಂಜಿ ಉಣಿಸುತ್ತಿದ್ದಾಗ ಪಕ್ಕಕ್ಕೆ ಬಂದು ಕೂತು ಬಾಯಿ ತೆರೆದ, ನುಪ್ಪು ಎಂದ, ಅಕ್ಷಿ ಅನ್ನಕ್ಕೆ ಹೇಳುವ ತುಳು ಮಾತೇ ಅವನ ಬಾಯಲ್ಲಿ, ಅವತ್ತಿನಿಂದ ಒಂದೇ ಬಟ್ಟಲು, ಎಡಕ್ಕೆ ಅವನು, ಬಲಕ್ಕೆ ಅವಳು, ಎರಡು ಬಾಯಿ ಒಟ್ಟಿಗೆ ತೆರೆಯುತ್ತವೆ, ಕೈ ಒಂದೇ. ಬೋಜ ಮೊದಲ ವಾರವೇ ಹೇಳಿದ್ದ, ನೋಡು ಮಾರಾಯ್ತಿ, ಅವರ ಮನೆಯ ಅನ್ನ, ನಮ್ಮ ಮಗುವಿಗೆ ಮೊದಲು ಕೊಟ್ಟದ್ದನ್ನು ಯಾರಾದರೂ ಕಂಡರೆ ಎಂತ ಹೇಳುದು, ಹಾಗಾಗಿ ಮೊದಲು ಎಡಕ್ಕೆ, ಮೇಡಂ ಇದ್ದರೂ ಎಡಕ್ಕೆ, ಇಲ್ಲದಿದ್ದರೂ ಎಡಕ್ಕೆ, ಯಾರೂ ನೋಡದಿದ್ದಾಗಲೂ ಯಾಕೆ ಎಡಕ್ಕೇ, ಅದು ಈಗ ನೆನಪಾಗುತ್ತಿಲ್ಲ. ಪ್ರತಿ ಸಲವೂ ಅಕ್ಷಿಯ ಬಾಯಿ ಅವನ ಬಾಯಿಯ ಜೊತೆಗೇ ತೆರೆಯುತ್ತಿತ್ತು, ತುತ್ತು ಅತ್ತ ಹೋದಾಗ ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು, ಬರೀ ಎಂಜಲು ನುಂಗುತ್ತಿತ್ತು, ಕೂಸು ಒಂದು ದಿನವೂ ಹಟ ಮಾಡಲಿಲ್ಲ. ಕೊನೆಯ ತುತ್ತು ನಿನ್ನದು ಮಗಾ, ಕೊನೆಯ ತುತ್ತಿನಲ್ಲಿಯೇ ಶಕ್ತಿ ಇರುವುದು ಎಂದು ಬಟ್ಟಲು ಬಳಿದು ಅವಳಿಗೆ ಕೊಡುತ್ತಿದ್ದೆ, ಅದನ್ನು ಹೇಳಬೇಕು, ಅದೇ ಉತ್ತರ, ಬೇರೆಯವರ ಮಗು ಕಾಯಬಾರದು, ನನ್ನದು ಕಾಯಬಹುದು, ನನ್ನದಾದ್ದರಿಂದಲೇ ಕಾಯಿಸಿದೆ — ಇದು ಉತ್ತರವೋ, ಇಷ್ಟು ವರ್ಷಕ್ಕೆ ಕಟ್ಟಿದ ಸಬೂಬೋ, ಅವಳನ್ನು ಸುಮ್ಮನಿರಿಸಲು ಹೇಳಿದ ಮಾತನ್ನು ನಾನೇ ನಂಬಿಬಿಟ್ಟೆನೋ. ಅವನ ಮೇಲೆಯೂ ಪ್ರೀತಿಯಿತ್ತಲ್ಲ, ಇತ್ತು, ಇದೆ, ಅದನ್ನು ಎಲ್ಲಿ ಮುಚ್ಚಿಡುವುದು. ಎಣ್ಣೆ ಕಾದಿದೆ, ಮೀನು ಹಾಕಬೇಕು.

ಒಂದು ಗಂಟೆಗೆ ಕೆಳಗೆ ಶಟರ್ ಎಳೆದ ಸದ್ದು, ಬೋಜ ಮೇಲೆ ಬಂದು ಕೈ ತೊಳೆದು ಕೂರುತ್ತಾನೆ, ಕೂತವನು ಎದ್ದು ಕಿಟಕಿ ಮುಚ್ಚುತ್ತಾನೆ, ಅವಳು ಗೆಲ್ತಾಳಾ ಎಂದು ಗೋಡೆಯನ್ನು ಕೇಳುತ್ತಾನೆ, ಸುಂದರಿ ಉಪ್ಪಿನಕಾಯಿ ಭರಣಿಗೆ ಫೋನು ಒರಗಿಸಿ ನಿಲ್ಲಿಸುತ್ತಾಳೆ, ಪ್ರತಿ ಶುಕ್ರವಾರವೂ ನಿಲ್ಲಿಸುವುದು ಹೀಗೆಯೇ, ಅಕ್ಷಿ ಕಾಲ್ ಮಾಡುತ್ತಾಳೆ, ಎಂತ ಪದಾರ್ಥ ಎನ್ನುತ್ತಾಳೆ, ಸುಂದರಿ ಒಂದು ತುತ್ತು ಕಲಸಿ ಫೋನಿನ ಹತ್ತಿರ ಒಯ್ಯುತ್ತಾಳೆ, ಅಕ್ಷಿ ಅಲ್ಲಿಂದ ಆ ಎಂದು ಬಾಯಿ ತೆರೆಯುತ್ತಾಳೆ, ಎಂಟು ವರ್ಷದಿಂದ ನಡೆದ ಹುಚ್ಚಾಟ, ಕಳೆದ ಶುಕ್ರವಾರ ಪ್ರಚಾರದ ಗಡಿಬಿಡಿಯಲ್ಲಿ ತಪ್ಪಿತ್ತು. ಫೋನು ಬಡಿದುಕೊಳ್ಳುತ್ತದೆ. ಅಕ್ಷಿ, ಕಪ್ಪು ಕೋಟು, ಅದಕ್ಕೆ ಪಾರ್ಟಿಯ ರಿಬ್ಬನ್ನು, ಗಾಳಿಗೆ ಕೂದಲೆಲ್ಲ ಮುಖದ ಮೇಲೆ, ಹಿಂದೆ ಶಾಲೆಯ ಗೇಟು, ಗೇಟಿಗೆ ಓಟಿನ ಬೋರ್ಡು, ಕಣ್ಣ ಕೆಳಗೆ ಕಪ್ಪಾಗಿದೆ, ಅಮ್ಮ ಊಟಕ್ಕೆ ಕೂತ್ಯಾ, ನಾನು ಐದಕ್ಕೆ ಎದ್ದದ್ದು, ಒಂದು ಟೀ ಬಿಟ್ಟರೆ ಎಂತದೂ ಇಲ್ಲ, ಬಂಗುಡೆಯಾ ಅದು. ಹೌದು ಮಗಾ ಬಂಗುಡೆ, ಎನ್ನುತ್ತಾಳೆ ಸುಂದರಿ, ಇನ್ನೊಂದು ಹೌದು ನಾಲಗೆಯ ತುದಿಗೆ ಬಂದು ಕೂತಿದೆ, ಹೌದು ಸತ್ಯ, ಆದರೆ ಕೇಳು, ಕೊನೆಯ ತುತ್ತು — ಅಷ್ಟರಲ್ಲಿ ಹಿಂದೆ ಯಾರೋ, ಎತ್ತರದವನು, ಎದೆಯ ಮೇಲೆ ಬೇರೆ ಬಣ್ಣದ ರಿಬ್ಬನ್ನು, ಅಕ್ಷಿ ಹಿಂದೆ ತಿರುಗಿ ನೋಡಿ, ಅಮ್ಮ, ಅವನೂ ಇಲ್ಲೇ ಇದ್ದಾನೆ, ಮಾತಾಡಬೇಕಂತೆ ಎಂದು ಫೋನು ಸ್ವಲ್ಪ ದೂರ ಹಿಡಿಯುತ್ತಾಳೆ, ಅವನು ಬಗ್ಗುತ್ತಾನೆ, ಗಡ್ಡ ಬಿಟ್ಟಿದ್ದಾನೆ, ಮೂಗು ಕೆಂಪಾಗಿದೆ, ಚಳಿಗೋ ಏನೋ, ಸುಂದ್ರಿ, ಎನ್ನುತ್ತಾನೆ, ತಟ್ಟೆ ನೋಡುತ್ತಾನೆ, ನುಪ್ಪು, ಎನ್ನುತ್ತಾನೆ. ಎಡಕ್ಕೆ ಅವನು, ಬಲಕ್ಕೆ ಅವಳು. ಹೇಳು ಅಮ್ಮ, ಎನ್ನುತ್ತಾಳೆ ಅಕ್ಷಿ, ಆಮೇಲೆ ಏನು ನೆನಪಾಯಿತೋ, ಅಥವಾ ಹಸಿವೋ, ಮುಖ ಸಡಿಲವಾಗುತ್ತದೆ, ಶುಕ್ರವಾರದ ಹಾಗೆ ಬಾಯಿ ತೆರೆಯುತ್ತಾಳೆ, ಅವನೂ ತೆರೆಯುತ್ತಾನೆ, ಬೋಜ ನಗುತ್ತಾನೆ, ಸುಂದರಿಯ ಬೆರಳಲ್ಲಿ ತುತ್ತು, ಕೈ ಏಳುತ್ತದೆ, ಕೈ ಹೋಗುತ್ತದೆ, ಕೈಗೆ ಯಾರೂ ಏನೂ ಹೇಳಲಿಲ್ಲ, ಅದು ಎಡಕ್ಕೆ ಹೋಗಿ ನಿಂತಿದೆ, ಗಾಜಿಗೆ ಅನ್ನದ ಅಗುಳು ಅಂಟಿದೆ, ಎಡಕ್ಕೆ, ಅವನ ಮುಖದ ಮೇಲೆ, ಹಿಂದಕ್ಕೆ ಎಳೆಯಬೇಕು, ಎಳೆಯಲಾಗುತ್ತಿಲ್ಲ, ಬಲಕ್ಕೆ ಅಕ್ಷಿ, ಅವಳ ಬಾಯಿ ತೆರೆದಿದೆ, ಇನ್ನೂ ತೆರೆದಿದೆ, ಈಗ ಮೆಲ್ಲಗೆ ಮುಚ್ಚಿಕೊಳ್ಳುತ್ತಿದೆ, ಗಂಟಲು ಒಮ್ಮೆ ಮೇಲೆ ಕೆಳಗೆ ಆಗುತ್ತದೆ, ಬರೀ ಎಂಜಲು ನುಂಗುತ್ತಾಳೆ.