ಹನುಮಂತಮ್ಮನ ಸ್ಟಾಂಪು

“ಹಾಕ್ಬಿಟ್ಯಾ? ಎಲ್ಲಾನೂ ಡಬ್ಬಿಗೆ ಹಾಕ್ಬಿಟ್ಯಾ?”

ಹನುಮಂತಮ್ಮ ಕೇಳಿದ ರಭಸಕ್ಕೆ ಅನಂತರಾಜು ಸ್ಕೂಟರಿಗೆ ಸ್ಟ್ಯಾಂಡು ಹಾಕುವುದನ್ನೂ ಮರೆತ. ಹೊಸ ಮನೆಯ ಗೃಹಪ್ರವೇಶದ ಪತ್ರಿಕೆಗಳನ್ನು ಗುಬ್ಬಿಯ ಪೋಸ್ಟಾಫೀಸಿನಲ್ಲಿ ಹಾಕಿ ಆಗತಾನೇ ಬಂದಿದ್ದ. ಒಂದೊಂದರ ಮೇಲೂ ಹೆತ್ತಮ್ಮನ ಮುಖವಿರುವ ಸ್ಟಾಂಪು; ದುಡ್ಡು ಕಟ್ಟಿದರೆ ಅಂಚೆ ಇಲಾಖೆಯವರೇ ನಾವು ಕೊಟ್ಟ ಫೋಟೋ ಹಾಕಿ ಸ್ಟಾಂಪು ಮಾಡಿಕೊಡುತ್ತಾರೆ. ಅದನ್ನು ಅಚ್ಚು ಹಾಕಿಸಲು ತುಮಕೂರಿಗೆ ಅಲೆದದ್ದು ಅಷ್ಟಿಷ್ಟಲ್ಲ. ಫೋಟೋ ಮಬ್ಬು ಅಂದರು, ಬೇರೆ ತೆಗೆಸಿದ. ಮೂಗುತಿ ಕಾಣಲ್ಲ ಎಂದು ಅಮ್ಮ ಮುನಿಸಿಕೊಂಡಳು, ಮತ್ತೊಂದು ತೆಗೆಸಿದ. ಚಿಕ್ಕಂದಿನಿಂದ ಸ್ಟಾಂಪು ಕೂಡಿಡುವ ಹುಚ್ಚಿನವನು, ಇದರಿಂದ ಜನ್ಮ ಸಾರ್ಥಕವಾಯಿತು ಅಂದುಕೊಂಡಿದ್ದ. ಸಾರ್ಥಕವಂತೆ, ಸಾರ್ಥಕ!

“ನೀನೇ ತಾನೆ ನೋಡಿ ಚೆನ್ನಾಗೈತೆ ಅಂದಿದ್ದು?”

“ಚೆನ್ನಾಗೈತೆ ಅಂದೆ. ಕುಣಿಗಲ್‌ಗೂ ಕಳ್ಸು ಅಂದ್ನಾ? ಅದೂ ಅಲ್ದೆ ನನ್ ಮಕಕ್ಕೆ ಕರೀ ಸೀಲು ಗುದ್ತಾರಂತಲ್ಲೋ!”

“ಇಂಗ್ಲೆಂಡ್ ರಾಣಿ ಮಕಕ್ಕೂ ಗುದ್ದವ್ರೆ, ಬುಡಮ್ಮ. ನಮ್ಮ ದೇಶದ ಹಳೇ ಸ್ಟಾಂಪೊಂದ್ರಲ್ಲಿ ರಾಣಿ ತಲೆ ಉಲ್ಟಾ ಅಚ್ಚಾಗ್ಬಿಟ್ಟಿತ್ತು. ಇವತ್ತು ಅದು ಹುಡುಕಿದ್ರೂ ಸಿಗಲ್ಲ, ಗೊತ್ತಾ?”

“ಹಂಗಾರೆ ನಂದೂ ಉಲ್ಟಾ ಹಾಕಿಸ್ಬೇಕಿತ್ತು. ಚಿಕ್ಕಬೋರನಿಗೆ ಯಾರು ಅಂತ ಗೊತ್ತಾಗ್ತಿರಲಿಲ್ಲ.”

ಚಿಕ್ಕಬೋರಯ್ಯ ಅವಳ ಒಡಹುಟ್ಟಿದ ತಮ್ಮ, ಇರುವುದು ಕುಣಿಗಲ್‌ನಲ್ಲಿ. ಅಪ್ಪನ ತಿಥಿಯ ದಿನ ಭಾವನನ್ನು ಎರಡನೇ ಪಂಕ್ತಿಗೆ ಕೂರಿಸಿದ್ದ. ಅಷ್ಟೇ! ‘ಇನ್ನು ನಿನ್ನ ಬಾಗಿಲಿಗೆ ನನ್ನ ಮುಖ ತೋರಿಸಿದರೆ ಕೇಳು’ ಎಂದು ಎದ್ದು ಬಂದವಳು, ಗಂಡ ಸತ್ತಾಗಲೂ ಅವನಿಗೆ ಹೇಳಿಕಳಿಸಲಿಲ್ಲ. ಆ ಗಂಡನಿಗೋ ಪಂಕ್ತಿಯ ನೆನಪೇ ಇರಲಿಲ್ಲ; ಊಟ ಚೆನ್ನಾಗಿತ್ತು ಎಂದಿದ್ದ.

“ತೋರ್ಸಲ್ಲ ಅಂದ ಮಕಾನೇ ಅಂಟಿಸಿ ಅವ್ನ ಬಾಗ್ಲಿಗೆ ಕಳ್ಸಿದೀಯಲ್ಲೋ! ನಾನೇ ಸೋತು ಹೋದಂಗಾಗಲ್ವಾ? ನಡಿ, ವಾಪಸ್ ಇಸ್ಕೊಂಡ್ ಬರಾಣ.”

ಅವಳನ್ನು ಹಿಂದೆ ಕೂರಿಸಿಕೊಂಡು ಅನಂತರಾಜು ಮತ್ತೆ ಅದೇ ದಾರಿ ಹಿಡಿದ. ತಾನು ಯಾಕಾದರೂ ಮನೆ ಕಟ್ಟಿಸಿದೆನೋ ಅನ್ನಿಸಿಬಿಟ್ಟಿತ್ತು.

ಪೋಸ್ಟಾಫೀಸಿನಲ್ಲಿ ಪೋಸ್ಟ್‌ಮಾಸ್ಟರ್ ಶಿವರಾಮಯ್ಯ ಡಬ್ಬಿಯ ಕಾಗದಗಳನ್ನೆಲ್ಲ ಮೇಜಿನ ಮೇಲೆ ಸುರುವಿಕೊಂಡು ಸೀಲು ಹೊಡೆಯುತ್ತಿದ್ದರು. ವಿಷಯ ಕೇಳಿ ತಲೆಯಾಡಿಸಿದರು.

“ಡಬ್ಬಿಗೆ ಬಿದ್ಮೇಲೆ ಸುಮ್ನೆ ಎತ್ಕೊಡೋಕೆ ಬರಲ್ಲಮ್ಮ. ನಿಮ್ಮ ಮಗ ಅರ್ಜಿ ಬರ್ಕೊಡ್ಲಿ, ನೋಡಾಣ.”

“ನನ್ ಕರ್ಮ! ಒಂದು ಹಾಳೆ ಕೊಡಿ ಸಾರ್,” ಎಂದು ಅನಂತರಾಜು ಹಣೆ ಚಚ್ಚಿಕೊಂಡು ಬೆಂಚಿನ ಮೇಲೆ ಕೂತ. ಬರೆಯಲು ಕಾರಣವೇನು? ಎರಡನೇ ಪಂಕ್ತಿ ಅಂತ ಬರೆಯಲೇ? ಮೈಯೆಲ್ಲ ಉರಿಯಿತು.

ಹನುಮಂತಮ್ಮ ಕೌಂಟರಿಗೆ ಆತು ನಿಂತಳು. ಠಪ್, ಠಪ್ ಎಂದು ಅವಳ ಮುಖಗಳು ಒಂದಾದ ಮೇಲೊಂದು ಮಸಿಯಡಿಗೆ ಹೋದವು.

“ಇದ್ಯಾವೂರಪ್ಪ?”

“ಬೆಳ್ಳಾವಿ.”

“ಇದು?”

“ಕುಣಿಗಲ್. ಚಿಕ್ಕಬೋರಯ್ಯ.” ಶಿವರಾಮಯ್ಯ ಅದನ್ನು ಪಕ್ಕಕ್ಕಿಟ್ಟರು. “ಇದೇ ತಾನೆ ನಿಮ್ಗೆ ಬೇಕಾಗಿರೋದು?”

ಹನುಮಂತಮ್ಮ ಬಗ್ಗಿ ನೋಡಿದಳು. ಮಗನ ಅಕ್ಷರದಲ್ಲಿ ತಮ್ಮನ ಹೆಸರಿತ್ತು. ಹೆಸರಿನ ಮುಂದೆ ಶ್ರೀ ಅಂತಲೂ ಹಾಕಿದ್ದ.

“ಅಮ್ಮಾ, ಬರೆದಾಯ್ತು,” ಎಂದು ಅನಂತರಾಜು ಎದ್ದು ಬಂದ. “ತಗೊಳ್ಳಿ ಸಾರ್, ಕೊಟ್ಬುಡಿ. ಮನೆಗೆ ಹೋಗಿ ಒಲೆಗೆ ಹಾಕ್ಲಿ.”

“ನೀನು ಸುಮ್ಕಿರೋ ಸಾಕು!” ಎಂದು ಅವಳು ಗದರಿದಳು. ಆಮೇಲೆ ಆ ಕಡೆ ತಿರುಗಿದಳು: “ಶಿವರಾಮಯ್ಯ, ಇದಕ್ಕೆ ಮಾತ್ರ ವಸಿ ಮೆತ್ತಗೆ ಹೊಡಿಯಪ್ಪ. ಮಕ ಬುಟ್ಟು ಹೊಡಿ. ಅವ್ನಿಗೆ ಪೊರೆ ಬಂದು ಕಣ್ಣು ಸರ್ಯಾಗಿ ಕಾಣಲ್ವಂತೆ.”

ಅನಂತರಾಜು ಅರ್ಜಿ ಹಿಡಿದು ನಿಂತೇ ಇದ್ದ. ಶಿವರಾಮಯ್ಯ ಸೀಲನ್ನು ಸ್ಟಾಂಪಿನ ಅಂಚಿಗೆ ಸರಿಸಿ ಒತ್ತಿದರು. ಹನುಮಂತಮ್ಮ ಕಂಡಿಯೊಳಗೆ ತಲೆ ಬಗ್ಗಿಸಿ, ಮಸಿ ಆರಲೆಂದು ಅದರ ಮೇಲೆ ಮೆಲ್ಲಗೆ ಊದಿದಳು.