ಎಡಕ್ಕೆ ಎಂಟು, ಬಲಕ್ಕೆ ಒಂಬತ್ತು

ಮೆಲ್ಬರ್ನ್ ಕ್ರೀಡಾಂಗಣದ ಡ್ರೆಸ್ಸಿಂಗ್ ರೂಮಿನಲ್ಲಿ ನೋರ್ಬರ್ಟ್ ಡಿಮೆಲ್ಲೋ ಹದಿನೇಳನೆಯ ಸಂಖ್ಯೆಯ ಚೀಲದ ದಾರವನ್ನು ಸಡಿಲಿಸಿದಾಗ ಗೋಡೆಯ ಗಡಿಯಾರ ಮೂರು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ಐದಕ್ಕೆ ಪಂದ್ಯ. ಹೊರಬಂದ ಎಡಗಾಲಿನ ಬೂಟಿನ ನಾಲಿಗೆಯನ್ನು ಅಭ್ಯಾಸಬಲದಿಂದ ಮಡಚಿ ಅಳತೆ ನೋಡಿದ. ಒಂಬತ್ತು. ಬಲಗಾಲಿನದನ್ನು ನೋಡಿದ. ಎಂಟು.

ನೋರ್ಬರ್ಟ್ ಬೆಂಚಿನ ಮೇಲೆ ಕುಳಿತುಬಿಟ್ಟ.

ಸಿಡ್ನಿಯ ಈ ಫುಟ್ಬಾಲ್ ತಂಡದ ಬಟ್ಟೆ, ಬೂಟು, ಚೆಂಡುಗಳ ಉಸ್ತುವಾರಿಯನ್ನು ಅವನು ಹೊತ್ತು ಒಂಬತ್ತು ವರ್ಷಗಳಾಗಿದ್ದವು. ಹದಿನೇಳನೆಯ ಸಂಖ್ಯೆಯ ಅಂಗಿ ತೊಡುವವನು ಎಲೊಯ್ ತಮಾರ್ಗೊ, ಮೈದಾನದ ಬಲ ಅಂಚಿನಲ್ಲಿ ಓಡುವ ಸ್ಪೇನಿನ ವಿಂಗರ್. ಹತ್ತೊಂಬತ್ತನೆಯ ವಯಸ್ಸಿಗೆ ಮೂರನೆಯ ದರ್ಜೆಯ ತಂಡದಲ್ಲಿ ಆಟ ಆರಂಭಿಸಿ, ಇಪ್ಪತ್ತೆಂಟಕ್ಕೆ ಮೊದಲ ದರ್ಜೆ ತಲುಪಿದವನು. ಮೂವತ್ತೊಂದಕ್ಕೆ ಬಲಪಾದದ ಮೂಳೆ ಮುರಿದುಕೊಂಡು ಊರಿನ ಯಾವ ತಂಡಕ್ಕೂ ಬೇಡವಾದವನು. ೨೦೧೫ರಲ್ಲಿ ಸಿಡ್ನಿ ಅವನನ್ನು ಕರೆಯಿತು. ಮುರಿದು ಕೂಡಿದ ಪಾದ ಅಗಲವಾಗಿತ್ತು, ಅದರಡಿಗೆ ಅಚ್ಚು ತೆಗೆದ ಒಳಹಾಸೊಂದು ಬೇಕಿತ್ತು. ಆದ್ದರಿಂದ ಅವನಿಗೆ ಎಡಕ್ಕೆ ಎಂಟು, ಬಲಕ್ಕೆ ಒಂಬತ್ತು.

ನೋರ್ಬರ್ಟ್ ಪ್ರತಿ ಸಲವೂ ಎರಡು ಡಬ್ಬ ತರಿಸಿ, ಬೇಕಾದ ಎರಡನ್ನು ಜೋಡಿಸುತ್ತಿದ್ದ. ಉಳಿದ ತಿರುಗುಮುರುಗಾದ ಜೋಡಿಯನ್ನು ಎಸೆಯಲು ಅವನಿಗೆ ಮನಸ್ಸಾಗುತ್ತಿರಲಿಲ್ಲ. ‘ಬಲಗಾಲು ಸಣ್ಣದಿರುವ ಒಬ್ಬನಾದರೂ ನಮ್ಮೂರು ಮಂಗಳೂರಿನಲ್ಲಿ ಇದ್ದೇ ಇರುತ್ತಾನೆ’ ಎಂದುಕೊಂಡು ಅದನ್ನೂ ಅಂಥದೇ ಚೀಲದಲ್ಲಿಟ್ಟು, ಎಲೊಯ್‌ನ ಪಾಲಿನದೆಂದು ಗುರುತಿಗಾಗಿ ಅದೇ ಹದಿನೇಳನ್ನು ಬರೆದಿಡುತ್ತಿದ್ದ. ನಿನ್ನೆ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಶುಕ್ರವಾರ. ಸಿಡ್ನಿಯ ರೌಸ್ ಹಿಲ್‌ನ ತನ್ನ ಮನೆಯ ಬಳಿಯ ಇಗರ್ಜಿಯಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿಸಿ ವಿಮಾನ ಹಿಡಿಯಬೇಕಿತ್ತು. ಅವಸರದಲ್ಲಿ ಚೀಲವನ್ನು ಬಿಚ್ಚಿ ನೋಡದೆ ಪೆಟ್ಟಿಗೆಗೆ ಹಾಕಿದ್ದ. ಸರಿಯಾದ ಜೋಡಿ ಸಿಡ್ನಿಯ ಉಗ್ರಾಣದ ಮೊಳೆಯಲ್ಲಿ ನೇತಾಡುತ್ತಿತ್ತು. ಮಳೆಗಾಲಕ್ಕೆಂದು ಇಟ್ಟಿದ್ದ ಇನ್ನೊಂದು ಜೋಡಿಯ ಅಟ್ಟೆ ಗುರುವಾರವಷ್ಟೇ ಕಿತ್ತುಹೋಗಿತ್ತು.

ಆ ಗುರುವಾರವೇ ಕೋಚ್ ಎಲೊಯ್‌ಗೆ ಹೇಳಿದ್ದರು: “ಎಂಟು ಪಂದ್ಯ ನಿನ್ನನ್ನು ಹೊರಗೆ ಕೂರಿಸಿದ್ದೇನೆ. ಶನಿವಾರ ಆಡಿಸುತ್ತೇನೆ. ಮೊದಲರ್ಧ ನೋಡಿ ಮುಂದಿನ ವರ್ಷ ನೀನು ಇರುತ್ತೀಯೋ ಇಲ್ಲವೋ ತೀರ್ಮಾನಿಸುತ್ತೇನೆ.” ಮುಂದಿನ ಋತುವಿನ ಬೂಟುಗಳ ಪಟ್ಟಿಯನ್ನು ನೋರ್ಬರ್ಟ್ ಸೋಮವಾರ ಕಳುಹಿಸಬೇಕಿತ್ತು. ಅದರಲ್ಲಿ ಹದಿನೇಳರ ಮುಂದಿನ ಜಾಗವೊಂದೇ ಖಾಲಿ ಇತ್ತು.

ವಿಷಯ ಕೇಳಿದ ಎಲೊಯ್ ಕೂಗಾಡಲಿಲ್ಲ. ಒಳಹಾಸನ್ನು ಬ್ಯಾಗಿನಿಂದ ತೆಗೆದು, ಗೆಳೆಯನೊಬ್ಬನ ಬೂಟಿಗೆ ತುರುಕಿ, ಕಾರಿಡಾರಿನಲ್ಲಿ ಆರು ಹೆಜ್ಜೆ ಓಡಿದ. ಏಳನೆಯದಕ್ಕೆ ಗೋಡೆ ಹಿಡಿದ.

“ಬೇರೆ ಬೂಟು ಈ ಪಾದಕ್ಕೆ ಪಳಗಲು ಮೂರು ವಾರ ಬೇಕು, ನೋರ್ಬೆರ್ತೊ. ನಮ್ಮ ಬಳಿ ಎಷ್ಟಿದೆ?”

“ಒಂದೂವರೆ ಗಂಟೆ.”

“ಕೋಚ್‌ಗೆ ಹೇಳಬೇಡ. ಹೇಳಿದರೆ ಪಟ್ಟಿಯಿಂದ ಹೆಸರು ಹೊಡೆಯುತ್ತಾರೆ.” ಅವನು ಪಾದವನ್ನು ಒತ್ತಿಕೊಂಡ. “ಸ್ಪೇನಿನಲ್ಲಿ ನನ್ನನ್ನು ಮೈದಾನದಿಂದ ಹೊತ್ತುಕೊಂಡು ಹೋದರು. ಈ ಸಲ ನಾನೇ ನಡೆದುಹೋಗಬೇಕು. ಅದಕ್ಕೇ ಇನ್ನೊಂದು ವರ್ಷ ಬೇಕು.”

ಆಗ ನೋರ್ಬರ್ಟ್‌ಗೆ ಮೆಲ್ಬರ್ನ್ ಹೊರವಲಯದ ಕ್ರೇಗಿಬರ್ನ್ ನೆನಪಾಯಿತು. ವಿದ್ಯಾರ್ಥಿಯಾಗಿದ್ದಾಗ ಅವನ ರೂಮ್‌ಮೇಟ್ ಆಗಿದ್ದ ಪ್ರಮೋದ್ ಈಗ ಅಲ್ಲಿ ಮನೆ ಮಾಡಿದ್ದ. ಹಿಂದಿನ ವರ್ಷ ಎಲೊಯ್ ಹಸ್ತಾಕ್ಷರ ಹಾಕಿದ ಹಳೆಯ ಬೂಟಿನ ಜೋಡಿಯೊಂದನ್ನು ನೋರ್ಬರ್ಟ್ ಅವನಿಗೆ ಕೊಡಿಸಿದ್ದ. ಎಡಕ್ಕೆ ಎಂಟು, ಬಲಕ್ಕೆ ಒಂಬತ್ತು. ಪೂರ್ತಿ ಪಳಗಿದ ಚರ್ಮ. ನೋರ್ಬರ್ಟ್ ಪ್ರಮೋದ್‌ಗೆ ಫೋನ್ ಮಾಡಿದ.

“ಎಲ್ಲಿದ್ದೀ ಮಾರಾಯ?”

“ಟ್ರೇನಲ್ಲಿ ಗುರು. ನಿಮ್ಮ ಟೀಮ್ ಸೋಲೋದು ನೋಡೋಕೆ ತಿಂಗಳ ಹಿಂದೇನೇ ಟಿಕೆಟ್ ಬುಕ್ ಮಾಡಿದೀನಿ.”

“ಎಲೊಯ್‌ನ ಹಳೆ ಬೂಟು ಮನೆಯಲ್ಲಿ ಉಂಟಲ್ಲ?”

“ಶೋಕೇಸಲ್ಲಿ, ದೇವರ ಫೋಟೋ ಪಕ್ಕ. ಯಾಕೆ?”

“ಅವನಿಗೆ ಈಗ ಬೇಕು.”

ಪ್ರಮೋದ್ ದನಿ ಏರಿಸಿದ: “ಕೊಟ್ಟಿದ್ದನ್ನ ವಾಪಸ್ ಕೇಳೋದಾ? ಮಂಗಳೂರಲ್ಲಿ ಇದೇ ಪದ್ಧತೀನಾ?”

ತಮಾಷೆ ಅಲ್ಲವೆಂದು ತಿಳಿದ ಮೇಲೆ ಅವನೇ ಹೆಂಡತಿ ಸಂಯುಕ್ತಾಳನ್ನೂ ಕರೆಗೆ ಸೇರಿಸಿಕೊಂಡ. ಅವಳು ಶೋಕೇಸಿನ ಮುಂದೆ ನಿಂತು ಕೇಳಿದಳು: “ಬೀಗದಕೈ ಎಲ್ರೀ?”

“ಅಯ್ಯೋ, ನನ್ನ ಜೇಬಲ್ಲಿದೆ ಕಣೆ.”

“ಗಾಜು ಒಡೀಲಾ?”

“ತಡಿ ತಡಿ, ಹಿಂದೆ ನಾಲ್ಕು ಸ್ಕ್ರೂ ಇದೆ, ನಿಧಾನಕ್ಕೆ...”

ಗಾಜಿನ ಚೂರುಗಳು ಉದುರುವ ಸದ್ದು ಕೇಳಿಸಿತು.

“ಒಂದು ವರ್ಷದಿಂದ ವಾರವಾರ ಇದನ್ನ ಒರೆಸಿದ್ದು ನಾನು,” ಎಂದಳು ಸಂಯುಕ್ತಾ. “ನೋರ್ಬರ್ಟ್ ಅಣ್ಣ, ಕಾರ್ ತೆಗೀತಿದೀನಿ. ಎಷ್ಟು ಹೊತ್ತಿಗೆ ಬೇಕು?”

ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಒಬ್ಬರೇ. ನೋರ್ಬರ್ಟ್ ಕೋಚ್ ಕೋಣೆಯ ಬಾಗಿಲು ತಟ್ಟಿದ. ತಪ್ಪು ತನ್ನದು, ಎಲೊಯ್‌ನದಲ್ಲ ಎಂದು ಮೊದಲ ವಾಕ್ಯದಲ್ಲೇ ಹೇಳಿದ. ಬೂಟಿಲ್ಲದವನ ಹೆಸರನ್ನು ಪಟ್ಟಿಯಲ್ಲಿ ಉಳಿಸಿ ಉಳಿದ ಹತ್ತು ಜನರಿಗೆ ಮೋಸ ಮಾಡುವುದು ಅವನಿಂದಾಗದ ಕೆಲಸವಾಗಿತ್ತು. ಕೋಚ್ ಕನ್ನಡಕವನ್ನು ಹಣೆಯ ಮೇಲೇರಿಸಿದರು.

“ನಾಲ್ಕು ನಲವತ್ತಕ್ಕೆ ವಾರ್ಮ್‌ಅಪ್ ಮುಗಿಯುತ್ತದೆ. ಅಷ್ಟರಲ್ಲಿ ಬೂಟು ಅವನ ಕಾಲಲ್ಲಿದ್ದರೆ ಆಡುತ್ತಾನೆ. ಇಲ್ಲದಿದ್ದರೆ ಬದಲಿ ಆಟಗಾರ ಸಿದ್ಧನಿದ್ದಾನೆ.”

ನಾಲ್ಕು ಇಪ್ಪತ್ತೆರಡಕ್ಕೆ ಸಂಯುಕ್ತಾಳ ಕರೆ ಬಂತು. ಪಂದ್ಯಕ್ಕಾಗಿ ಪೊಲೀಸರು ರಸ್ತೆ ಮುಚ್ಚಿದ್ದರು. ಮುಂದೆ ಸಾಲುಸಾಲು ಕಾರುಗಳು. ರೈಲಿಳಿದು ಬಂದ ಪ್ರಮೋದ್ ಕಾರಿನ ಕಿಟಕಿಯಿಂದಲೇ ಚೀಲ ಕಸಿದುಕೊಂಡು ಓಡುತ್ತಿದ್ದಾನಂತೆ. “ಅಣ್ಣ, ಅವರು ಮದುವೆ ಆದಾಗಿಂದ ಓಡಿದ್ದನ್ನ ನಾನು ನೋಡಿಲ್ಲ. ಸ್ವಲ್ಪ ಟೈಮ್ ಇಟ್ಕೊಳಿ.”

ಮೈದಾನದಲ್ಲಿ ಹತ್ತು ಜನ ಬೂಟು ತೊಟ್ಟು ಓಡುತ್ತಿದ್ದರು. ಹನ್ನೊಂದನೆಯವನು ಓಟದ ಸಾದಾ ಶೂಗಳಲ್ಲಿ ಹುಲ್ಲಿನ ಅಂಚಿನಲ್ಲಿ ನಿಂತಿದ್ದ. ಬದಲಿ ಆಟಗಾರ ಆಗಲೇ ಮೇಲಂಗಿ ಕಳಚಿದ್ದ. ನೋರ್ಬರ್ಟ್ ಆಟಗಾರರ ಬಾಗಿಲಿನ ಕಾವಲುಗಾರನ ಪಕ್ಕ ನಿಂತು ಬೀದಿಯನ್ನೇ ನೋಡುತ್ತಿದ್ದ. ನಾಲ್ಕು ಮೂವತ್ತೈದು. ಮೂವತ್ತಾರು. ಎದುರಾಳಿ ತಂಡದ ನೀಲಿ ಅಂಗಿಗಳ ಗುಂಪನ್ನು ಸೀಳಿಕೊಂಡು, ಅಂಥದೇ ನೀಲಿ ಅಂಗಿ ತೊಟ್ಟ, ಹೊಟ್ಟೆ ಬಂದ ಮನುಷ್ಯನೊಬ್ಬ ಚೀಲವನ್ನು ಮಗುವಿನಂತೆ ಎದೆಗವಚಿಕೊಂಡು ಬಂದ.

“ತಗೋ,” ಪ್ರಮೋದ್ ಏದುಸಿರಿನಲ್ಲೇ ಹೇಳಿದ. “ನನ್ನ ಟೀಮಿಗೆ ನಾನೇ ದ್ರೋಹ ಮಾಡ್ತಿದೀನಿ.”

ನೋರ್ಬರ್ಟ್ ಚೀಲ ಹಿಡಿದು ಮೈದಾನದಂಚಿಗೆ ಓಡಿದ. ಬಲಗಾಲಿನ ಬೂಟಿನ ತುದಿಯಲ್ಲಿ ಕೆಂಪು ಕಲೆಯಿತ್ತು. ಎಲೊಯ್ ಅದನ್ನು ಬೆರಳಿನಿಂದ ಮುಟ್ಟಿ ನೋಡಿದ. “ರಕ್ತವೇ?”

“ಕುಂಕುಮ,” ಎಂದ ನೋರ್ಬರ್ಟ್. “ನಮ್ಮ ಕಡೆ ವರ್ಷಕ್ಕೊಂದು ದಿನ ಕೆಲಸದ ಉಪಕರಣಗಳಿಗೆಲ್ಲ ಪೂಜೆ ಉಂಟು. ಪ್ರಮೋದ್ ತನ್ನ ಕಾರಿನ ಜೊತೆ ನಿನ್ನ ಬೂಟಿಗೂ ಹಚ್ಚಿದ್ದಾನೆ. ಒರೆಸಿ ಕೊಡುತ್ತೇನೆ.”

“ಬೇಡ, ಇರಲಿ,” ಎಂದು ಎಲೊಯ್ ಒಳಹಾಸು ಕೂರಿಸಿ ಲೇಸು ಬಿಗಿದ. ನಾಲ್ಕು ಮೂವತ್ತೊಂಬತ್ತಕ್ಕೆ ಅವನು ಮೈದಾನಕ್ಕಿಳಿದಾಗ ಕೋಚ್ ಗಡಿಯಾರ ನೋಡಿಕೊಂಡರು.

ಮೊದಲ ಇಪ್ಪತ್ತೈದು ನಿಮಿಷ ಬಲ ಅಂಚಿಗೆ ಚೆಂಡೇ ಬರಲಿಲ್ಲ. ಮೂವತ್ತನೆಯ ನಿಮಿಷದಲ್ಲಿ ಬೆಂಚಿನ ಹಿಂದಿದ್ದ ನೋರ್ಬರ್ಟ್ ಗೆರೆಯತ್ತ ಒಂದು ಹೆಜ್ಜೆ ಮುಂದಿಟ್ಟ. ಒಂದು ವರ್ಷ ಗಾಜಿನ ಪೆಟ್ಟಿಗೆಯಲ್ಲಿ ಒಣಗಿದ ಅಂಟು ಬಿಟ್ಟುಕೊಟ್ಟು, ಬಲಗಾಲಿನ ಅಟ್ಟೆ ತುದಿಯಲ್ಲಿ ಬಾಯ್ದೆರೆದಿತ್ತು. ಎಲೊಯ್ ಕೂಡ ಅದನ್ನು ಕಂಡ. ಕಂಡವನು ಬೆಂಚಿನ ಕಡೆ ತಿರುಗಲಿಲ್ಲ. ಬಾಗಿ ಲೇಸಿನ ಉಳಿದ ತುದಿಯನ್ನು ಅಟ್ಟೆಯ ಕೆಳಗಿಂದ ಸುತ್ತಿ ಗಂಟು ಹಾಕಿದ.

ನಲವತ್ತೊಂದನೆಯ ನಿಮಿಷದಲ್ಲಿ ಚೆಂಡು ಬಂತು. ಎದುರಾಳಿ ರಕ್ಷಕ ಅವನಿಗಿಂತ ಹನ್ನೆರಡು ವರ್ಷ ಚಿಕ್ಕವನು. ಎಲೊಯ್ ನಿಂತ. ರಕ್ಷಕನೂ ನಿಂತ. ಆ ಒಂದು ಗಳಿಗೆಯ ನಿಲುಗಡೆಯೇ ಎಲೊಯ್‌ನ ಹದಿನೈದು ವರ್ಷಗಳ ವಿದ್ಯೆಯಾಗಿತ್ತು. ಮರುಕ್ಷಣದಲ್ಲಿ ಅವನು ಗೆರೆಯಂಚಿನಲ್ಲಿ ಮುಂದಿದ್ದ, ಹುಡುಗ ಹಿಂದಿದ್ದ. ಬಲಗಾಲು ಬೀಸಿತು. ಚೆಂಡು ಗೋಲಿನ ಮುಂದಕ್ಕೆ ಬಾಗಿ ಹೋಯಿತು, ಅಟ್ಟೆ ಇನ್ನೊಂದು ದಿಕ್ಕಿಗೆ ಹಾರಿತು. ಸಿಡ್ನಿಯ ಆಟಗಾರನೊಬ್ಬ ತಲೆ ಕೊಟ್ಟ. ಗೋಲು.

ಅರ್ಧವಿರಾಮದಲ್ಲಿ ಕೋಚ್ ಆ ಬೂಟನ್ನು ಎತ್ತಿ ನೋಡಿ ಕೆಳಗಿಟ್ಟರು.

“ದ್ವಿತೀಯಾರ್ಧಕ್ಕೆ ಬದಲಿಯವನು ಹೋಗಲಿ.”

ಎಲೊಯ್ ತಲೆಯಾಡಿಸಿ, ಎದ್ದು, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರಿಯ ಕಾಲುಚೀಲ ತೊಟ್ಟು ಸ್ನಾನದ ಕೋಣೆಗೆ ನಡೆದುಹೋದ. ಕುಂಟುತ್ತಿರಲಿಲ್ಲ. ಕೋಚ್ ಅವನು ಹೋಗುವುದನ್ನೇ ನೋಡಿ, ನೋರ್ಬರ್ಟ್ ಕಡೆ ತಿರುಗಿದರು.

“ಸೋಮವಾರದ ಪಟ್ಟಿಯಲ್ಲಿ ಹದಿನೇಳರ ಮುಂದೆ ಏನಿದೆ?”

“ಖಾಲಿ ಬಿಟ್ಟಿದ್ದೇನೆ, ಸರ್.”

“ಎರಡು ಡಬ್ಬ ಬರೆ. ಎಂಟು ಒಂದು, ಒಂಬತ್ತು ಒಂದು.” ಬಾಗಿಲ ಬಳಿ ಅವರು ನಿಂತರು. “ಉಳಿದ ಜೋಡಿಯನ್ನು ದಯವಿಟ್ಟು ಬೇರೆ ಬಣ್ಣದ ಚೀಲಕ್ಕೆ ಹಾಕು.”

ನೋರ್ಬರ್ಟ್ ಜೇಬಿನಿಂದ ಪಟ್ಟಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಬರೆದ. ಆಮೇಲೆ ಹರಿದ ಬೂಟಿನ ಚಿತ್ರ ತೆಗೆದು ಪ್ರಮೋದ್‌ಗೆ ಕಳುಹಿಸಿದ. ಗ್ಯಾಲರಿಯಿಂದ ತಕ್ಷಣ ಉತ್ತರ ಬಂತು: “ಅಟ್ಟೆ ಹುಡುಕಿ ತಗೊಂಡ್ ಬಾ ಗುರು. ಸಂಯುಕ್ತಾ ದೊಡ್ಡ ಶೋಕೇಸ್ ನೋಡ್ತಿದಾಳೆ.”